ಬ್ರೇಕಮ್ಮನ ಮಲಗುವ ಪಾಳಿ

"ನಗು ದೊಡ್ಡಮ್ಮ, ನಗು. ಎಲ್ಲರೂ ನಕ್ಕಾಯ್ತು, ನೀನೊಬ್ಬಳು ಬಾಕಿ ಇದ್ದೆ. ಇಷ್ಟು ವರ್ಷ ಸ್ಟೇರಿಂಗ್ ಹಿಡಿದಿದೀನಿ, ಒಂದು ಮಗೂಗೂ ಒಂದು ಗೀರು ಬೀಳೋಕೆ ಬಿಟ್ಟಿಲ್ಲ. ಈಗ ಈ ವಯಸ್ಸಲ್ಲಿ ನನಗೆ ಬರದೇ ಇರೋ ಕೆಲಸ ಯಾವುದು ಅಂದ್ರೆ ಮಲಗೋದು! ಲಾರಿ ಓಡಿಸೋದು ಹೇಳಿಕೊಟ್ರು. ಟಯರ್ ತಟ್ಟಿ ನೋಡೋದು, ಬೆಲ್ಟ್ ಬಿಗಿದು ಸರಕು ಕಟ್ಟೋದು, ಟ್ರೇಲರ್ ಸಿಕ್ಕಿಸೋದು, ಬಿಡಿಸೋದು, ಎಲ್ಲಾ ಹೇಳಿಕೊಟ್ರು. ಒಬ್ಬ ಪುಣ್ಯಾತ್ಮನಾದ್ರೂ 'ಅಮ್ಮಾ, ಇದರಲ್ಲಿ ಅರ್ಧ ಕೆಲಸ ಹಿಂದಿನ ಹಾಸಿಗೇಲಿ ಬಿದ್ಕೊಂಡು ನಿದ್ದೆ ಮಾಡೋದು, ಅದು ನಿನಗೆ ಬರತ್ತಾ' ಅಂತ ಕೇಳಿದ್ನಾ? ಇಲ್ಲ. ಇನ್ನು ಆ ಮಹಾತಾಯಿ ನನ್ನ ನಾದಿನಿ. ಪಾಳಿ ಮುಗೀತು, ಹಿಂದೆ ಹೋಗಿ ಮಲಗೇ ಅಂದ್ರೆ ಪಕ್ಕದ ಸೀಟಲ್ಲಿ ಕಾಲು ಮಡಚ್ಕೊಂಡು ಕೂತು ಕಿತ್ತಳೆ ಸುಲೀತಾಳೆ. 'ಪಾಪ ಅತ್ತಿಗೆ, ಒಬ್ಬರೇ ಇದೀರಲ್ಲ' ಅಂತ. ಪಾಪ ಅಂತೆ! ಬಾಯಿಗೆ ತೊಳೆ ತಂದು ತುರುಕ್ತಾಳೆ. ನಾನು ರಸ್ತೆ ನೋಡ್ಲಾ, ಬೀಜ ಉಗುಳ್ಲಾ? ಸಾಕಾಗಿ ಹೋಗಿದೆ ದೊಡ್ಡಮ್ಮ. ಸ್ವಲ್ಪ ಟೀ ಇದ್ರೆ ಕೊಡು. ಬೇಡ, ಟೀ ಕುಡಿದ್ರೆ ಮತ್ತೆ ನಿದ್ದೆ ಬರಲ್ಲ. ಕೊಡು, ಹೇಗೂ ಬರಲ್ಲ."

ಹೀಗೆಂದು ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕರಿಸಿ ಕೂತವಳು ನನ್ನ ತಂಗಿಯ ಮಗಳು. ನಾದಿನಿಯ ಜೊತೆ ಮೊದಲ ಲೋಡ್ ಮುಟ್ಟಿಸಿ ಮನೆಗೆ ಬಂದ ದಿನ ಅದು. ಕಣ್ಣು ಕೆಂಡದ ಹಾಗಿತ್ತು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಟೀ ಕೊಟ್ಟೆ. ಅರ್ಧ ಕುಡಿಯುವಷ್ಟರಲ್ಲಿ ಬಾಗಿಲಿನ ಚೌಕಟ್ಟಿಗೆ ತಲೆ ಒರಗಿಸಿ ನಿದ್ದೆ ಹೋದಳು. ಲೋಟವನ್ನು ಅವಳ ಬೆರಳುಗಳಿಂದ ನಾನೇ ಬಿಡಿಸಿಕೊಂಡೆ.

ಇವಳನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬ್ರೇಕಮ್ಮ ಅಂದರೇ ಗೊತ್ತು. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಮಕ್ಕಳಿಟ್ಟ ಹೆಸರು ಅದು. ನಾಯಿ ಅಡ್ಡ ಬಂದರೆ ಬ್ರೇಕು, ಬೆಕ್ಕು ಅಡ್ಡ ಬಂದರೆ ಬ್ರೇಕು, ಯಾವುದೂ ಬರದಿದ್ದರೆ ಬರಬಹುದು ಅಂತ ಬ್ರೇಕು. ಹಿಂದಿನ ಸೀಟಿನ ಪುಂಡರು ಪ್ರತಿ ಸಲವೂ ಮುಂದಕ್ಕೆ ವಾಲಿ "ಬ್ರೇಕಮ್ಮಾ!" ಎಂದು ಕೂಗುತ್ತಿದ್ದರು. ಆಮೇಲೆ ಶಾಲೆಯವರು ಬಸ್ಸುಗಳನ್ನೆಲ್ಲ ಒಬ್ಬ ಗುತ್ತಿಗೆದಾರನಿಗೆ ವಹಿಸಿದರು. ಅವನು ತನ್ನ ಡ್ರೈವರುಗಳನ್ನೇ ತಂದುಕೊಂಡ. ಬೀಳ್ಕೊಡುಗೆಗೆ ಇವಳಿಗೊಂದು ಗೋಡೆ ಗಡಿಯಾರ ಕೊಟ್ಟರು. "ಕೆಲಸ ಕಿತ್ಕೊಂಡು ಟೈಮ್ ನೋಡ್ಕೋ ಅಂತಾರೆ" ಎಂದು ಅದನ್ನು ಮಂಚದ ಕೆಳಗೆ ತಳ್ಳಿದಳು.

ಮನೆಯಲ್ಲಿ ಕೂತು ಅವಳಿಗೆ ಗೊತ್ತಿಲ್ಲ. ಟ್ರೇಲರ್ ಲಾರಿಯ ಲೈಸೆನ್ಸ್ ಮಾಡಿಸುತ್ತೇನೆಂದು ಹೊರಟಳು. ಮುಂದಕ್ಕೆ ಓಡಿಸುವುದರಲ್ಲಿ ಇವಳಿಗೆ ಎದುರಿಲ್ಲ. ಉದ್ದ ಟ್ರೇಲರನ್ನು ಹಿಂದಕ್ಕೆ ಬಿಡು ಅಂದರೆ ಮಾತ್ರ ಸ್ಟೇರಿಂಗನ್ನು ಎತ್ತಲೋ ತಿರುಗಿಸಿಬಿಡುತ್ತಿದ್ದಳು. ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾಗಿದ್ದು ಅದರಲ್ಲೇ. ಆಗ ಕೈಹಿಡಿದವಳು ನಾದಿನಿ. ಅವಳು ಇವಳ ಗಂಡನ ತಂಗಿ, ಅದೇ ಮನೆಯಲ್ಲಿರುವವಳು, ನಗರಸಭೆಯ ಕಸದ ಲಾರಿ ಓಡಿಸುತ್ತಿದ್ದಳು. ಕಸದ ಲಾರಿಯವರು ದಿನವೆಲ್ಲ ಮಾಡುವುದೇ ಹಿಂದಕ್ಕೆ ಹೋಗುವುದು, ಗಲ್ಲಿ ಗಲ್ಲಿಗೆ, ಎರಡೂ ಕಡೆ ಗೋಡೆ ಸವರುವ ಹಾಗೆ. "ಅತ್ತಿಗೆ, ಕನ್ನಡೀಲಿ ನಿಮ್ಮ ಮುಖ ನೋಡ್ಕೋಬೇಡಿ, ಹಿಂದಿನ ಚಕ್ರ ನೋಡಿ" ಎಂದು ಆಟದ ಮೈದಾನದಲ್ಲಿ ನಿಂತು ಕಿರುಚಿ ಕಿರುಚಿ ಕಲಿಸಿದಳು. ಅತ್ತಿಗೆ ಪಾಸಾದ ದಿನ ತಾನೂ ಕಸ ಸಾಕಾಯಿತೆಂದು ಟ್ರೇಲರ್ ಓಡಿಸುವ ಪರೀಕ್ಷೆಗೆ ಕೂತಳು, ಪಾಸಾದಳು.

ದೂರದ ಸರಕಿಗೆ ಈಗ ಜೋಡಿ ಡ್ರೈವರುಗಳೇ ಬೇಕಂತೆ. ಒಬ್ಬರು ಓಡಿಸುವಾಗ ಇನ್ನೊಬ್ಬರು ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಬೇಕು, ಪಾಳಿ ಮುಗಿದಾಗ ಬದಲಾಗಬೇಕು. ಲಾರಿ ಮಾತ್ರ ನಿಲ್ಲಬಾರದು. ಆ ಹಾಸಿಗೆಯನ್ನು ನಾನೂ ಹತ್ತಿ ನೋಡಿದ್ದೇನೆ. ಒಂದು ಬೀರುವನ್ನು ಅಡ್ಡ ಕೆಡವಿದರೆ ಎಷ್ಟಗಲವೋ ಅಷ್ಟೇ. ಮುಂದೊಂದು ಪರದೆ. ಅದನ್ನು ನೋಡಿದ ಕ್ಷಣವೇ ಬ್ರೇಕಮ್ಮ ಹೇಳಿಬಿಟ್ಟಳು: "ಇದರಲ್ಲಿ ಗುರುತು ಪರಿಚಯ ಇಲ್ಲದೋರ ಜೊತೆ ನಾನು ಹೋಗೋಳಲ್ಲ. ಗಂಡಸಾಗಲಿ ಹೆಂಗಸಾಗಲಿ. ನಾದಿನಿ ಇದ್ರೆ ಲಾರಿ. ಇಲ್ಲದಿದ್ರೆ ಮನೇಲಿ ಮಂಚದ ಕೆಳಗಿನ ಗಡಿಯಾರ ನೋಡ್ಕೊಂಡು ಕೂತ್ಕೋತೀನಿ."

ಆಮೇಲೆ ಶುರುವಾಯಿತು ಕಂಪನಿ ಹುಡುಕುವ ಗೋಳು. ಎಲ್ಲರಿಗೂ ಡ್ರೈವರ್ ಬೇಕು, ಎಲ್ಲರೂ ಬಾ ಬಾ ಎನ್ನುವವರೇ. ಯಾವ ಕಂಪನಿ ವಾಸಿ ಎಂದು ಬ್ರೇಕಮ್ಮನ ಗಂಡನನ್ನು ಕೇಳಿದರೆ "ನಂಗೇನು ಗೊತ್ತು, ಕಂಪನಿಯವರನ್ನೇ ಕೇಳಿ" ಎನ್ನುತ್ತಿದ್ದ. ಅವರನ್ನು ಕೇಳಿ ಬಂದು ಹೇಳಿದರೆ "ಅವರು ಹಾಗೇ ಹೇಳೋದು, ನಂಬಬೇಡಿ" ಎನ್ನುತ್ತಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವವನು ಅವನು, ಸೂಜಿಯಿಂದ ತಲೆ ಎತ್ತದೆಯೇ ಎರಡೂ ಮಾತು ಹೇಳುತ್ತಿದ್ದ.

ಮೊದಲು ಹೋದದ್ದು ದೊಡ್ಡ ಕಂಪನಿಗೆ. ಗಾಜಿನ ಬಾಗಿಲು, ಒಳಗೆ ತಣ್ಣಗೆ, ಕೂರಲು ಮುಳುಗಿಹೋಗುವಂಥ ಸೋಫಾ. ಮಾತಾಡಿಸಿದವನ ಬಾಯಲ್ಲಿ ಬೆಣ್ಣೆ ಕರಗುತ್ತಿತ್ತು. ಏನು ಕೇಳಿದರೂ "ಅದಕ್ಕೇನಮ್ಮ!" ರಜೆ ಸಿಗುತ್ತಾ? ಅದಕ್ಕೇನಮ್ಮ! ಗೋಡೌನ್ ಮುಂದೆ ಕಾದು ನಿಂತ ಹೊತ್ತಿಗೂ ಕೂಲಿ ಇದೆಯಾ? ಅದಕ್ಕೇನಮ್ಮ! ಅಂಗಳದಲ್ಲಿ ಹೊಸ ಲಾರಿ ನಿಂತಿತ್ತು. ಒಳಗೆ ಪುಟ್ಟ ಫ್ರಿಜ್ಜು, ಟೀವಿ, ನೀಲಿ ದೀಪ. ನಾದಿನಿ ಫ್ರಿಜ್ಜಿನ ಬಾಗಿಲು ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ಅತ್ತಿಗೆ, ಇದೇ!"

"ಮದುವೆ ಗಂಡು ನೋಡಿದ ಹಾಗೆ ಆಡ್ಬೇಡ. ಕೆಳಗಿಳಿ." ಬ್ರೇಕಮ್ಮ ಬೆಣ್ಣೆ ಬಾಯಿಯವನ ಕಡೆ ತಿರುಗಿದಳು. "ಸಾರ್, ದಾರಿ ಮಧ್ಯೆ ನಮ್ಮಿಬ್ಬರಲ್ಲಿ ಒಬ್ಬಳಿಗೆ ಜ್ವರ ಬಂದ್ರೆ?"

"ಅದಕ್ಕೇನಮ್ಮ! ಹತ್ತಿರದ ಊರಲ್ಲಿ ಅವರನ್ನ ಇಳಿಸಿ ಬೇರೆ ಡ್ರೈವರ್ ಹತ್ತಿಸ್ತೀವಿ. ಲೋಡ್ ನಿಲ್ಲಲ್ಲ."

"ಯಾರನ್ನ?"

"ಯಾರಿದ್ದರೆ ಅವರನ್ನ."

ಬ್ರೇಕಮ್ಮ ಚೀಲ ಹೆಗಲಿಗೇರಿಸಿ ನಡೆದೇ ಬಿಟ್ಟಳು. ನಾದಿನಿ ದಾರಿಯುದ್ದಕ್ಕೂ ಗೊಣಗಿದಳು. "ಬರದೇ ಇರೋ ಜ್ವರಕ್ಕೆ ಬಂದಿರೋ ಫ್ರಿಜ್ ಕಳ್ಕೊಂಡ್ವಿ."

ಎರಡನೆಯದು ತಣ್ಣಗಿಟ್ಟು ಸಾಗಿಸುವ ಹಣ್ಣು, ಮೀನು, ಔಷಧಿಯ ಲಾರಿಗಳದು. ಅಲ್ಲಿ ಬ್ರೇಕಮ್ಮ ಯಾರೂ ಕೇಳದ್ದನ್ನು ಕೇಳಿದಳು. "ಹಾಸಿಗೇಲಿ ಒಂದು ಗಳಿಗೆ ಮಲಗಿ ನೋಡ್ತೀನಿ. ಆ ತಂಪಿನ ಮಿಷನ್ನು ಚಾಲೂ ಮಾಡಿ." ಅಂಗಳದ ಮೇಲ್ವಿಚಾರಕ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದ. "ಕೆಲಸಕ್ಕೆ ಬಂದಿದೀರೋ ಮಲಗೋಕೆ ಬಂದಿದೀರೋ?" ಚಾಲೂ ಮಾಡಿಸಿದ. ತಲೆಯ ಹಿಂದೆಯೇ ಹಿಟ್ಟಿನ ಗಿರಣಿ ಇಟ್ಟ ಹಾಗೆ ಗರಗರ ಸದ್ದು. ದಿಂಬಿನ ಮೇಲೆ ಹಲ್ಲು ಕಟಕಟ ಅನ್ನುತ್ತಿತ್ತಂತೆ. ಇಳಿದು ಬಂದು ನಾದಿನಿಯ ಕಿವಿಯಲ್ಲಿ "ಇಲ್ಲಿ ಹೆಣಾನೂ ಎದ್ದು ಕೂರತ್ತೆ" ಅಂದಳು.

ಮೂರನೆಯ ಕಂಪನಿ ಅಂದರೆ ತಗಡಿನ ಶೆಡ್ಡು, ನಾಲ್ಕಾರು ಹಳೆಯ ಲಾರಿ. ಲೋಡ್ ಹಂಚುವವಳು ಒಬ್ಬ ದಪ್ಪ ಹೆಂಗಸು, ಮೂಗು ಸೋರುತ್ತಿತ್ತು, ಎರಡು ಫೋನು ಒಟ್ಟಿಗೆ ಹಿಡಿದು ಎರಡರಲ್ಲೂ ಬೈಯುತ್ತಿದ್ದಳು. ಕೂರಿ ಎನ್ನಲಿಲ್ಲ. ಬ್ರೇಕಮ್ಮ ಅದೇ ಜ್ವರದ ಪ್ರಶ್ನೆ ಕೇಳಿದಳು.

"ಲಾರಿ ನಿಲ್ಲತ್ತೆ," ಅಂದಳು ಅವಳು. "ನೀವಿಬ್ಬರೂ ಮನೆಗೆ ಹೋಗ್ತೀರ. ಆ ದಿನಗಳಿಗೆ ಕಾಸಿಲ್ಲ. ನಾನು ಬೈತೀನಿ. ಆದ್ರೆ ಗೊತ್ತಿಲ್ಲದೋರನ್ನ ನಿಮ್ಮ ಹಾಸಿಗೆಗೆ ಹತ್ತಿಸಲ್ಲ, ಅದು ನನಗೂ ಸರಿ ಕಾಣಲ್ಲ. ಈಗ ನನ್ನ ಮಾತು ಕೇಳಿ. ಮೊದಲ ತಿಂಗಳು ನೋಡೋ ತಿಂಗಳು. ಒಂದು ಲೋಡ್ ತಡವಾದ್ರೆ ಬೈಗುಳ. ಎರಡು ತಡವಾದ್ರೆ ನಿಮ್ಮ ಜೋಡಿ ಮುರೀತು ಅಂತಾನೇ. ಊರೊಳಗಿನ ಸಣ್ಣ ಗಾಡಿಗೆ ಒಬ್ಬಳನ್ನ ಇಟ್ಕೋತೀನಿ, ರಿವರ್ಸ್ ಚೆನ್ನಾಗಿ ಬರೋಳನ್ನ. ಇನ್ನೊಬ್ಬಳು ಮನೆಗೆ."

ರಿವರ್ಸ್ ಚೆನ್ನಾಗಿ ಬರುವವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಬ್ರೇಕಮ್ಮ ಒಪ್ಪಿದಳು. "ಏನೇನು ಆಗಲ್ಲ ಅನ್ನೋದನ್ನ ಮೊದಲೇ ಬಾಯಿಬಿಟ್ಟು ಹೇಳಿದೋಳು ಇವಳೊಬ್ಬಳೇ" ಅಂತ ನನಗೆ ಹೇಳಿದಳು. ನಾದಿನಿ ಮಾತ್ರ ಅವರಿಗೆ ಕೊಟ್ಟ ಲಾರಿಯ ಹಾಸಿಗೆ ಇಣುಕಿ ನೋಡಿ "ಪರದೇಲಿ ತೂತಿದೆ" ಎಂದಳು.

ಇಷ್ಟೆಲ್ಲ ಅಳೆದು ಸುರಿದು ಕಂಪನಿ ಆರಿಸಿಕೊಂಡವರು ಮೊದಲ ಲೋಡನ್ನೇ ತಡ ಮಾಡಿದರು. ಟಯರ್ ಒಡೆಯಲಿಲ್ಲ, ದಾರಿ ತಪ್ಪಲಿಲ್ಲ. ತಡವಾದದ್ದು ಒಬ್ಬರ ಮೇಲೊಬ್ಬರಿಗಿದ್ದ ಕಾಳಜಿಯಿಂದ. ನಾದಿನಿ ಕಿತ್ತಳೆ ಹಿಡಿದು ಅತ್ತಿಗೆಯ ಪಕ್ಕ ಕೂತಳು. ನಾದಿನಿ ಓಡಿಸುವಾಗ ಅತ್ತಿಗೆ ಹಿಂದೆ ಹೋಗಿ ಮಲಗಿದಳೇನೋ ಸರಿ, ಆದರೆ ಮಲಗಿದ್ದು ಮೈ ಮಾತ್ರ. ಬಲಗಾಲು ಹಾಸಿಗೆಯ ತುದಿಯ ಹಲಗೆಗೆ ಒತ್ತಿಕೊಂಡು ಬ್ರೇಕು ಹಾಕುತ್ತಲೇ ಇತ್ತು. ಕಿವಿ ಇಂಜಿನ್ನಿನ ಮೇಲಿತ್ತು. ಪರದೆಯ ಹಿಂದಿನಿಂದ "ಮುಂದೇನದು?", "ಯಾಕೆ ನಿಧಾನ ಮಾಡ್ದೆ?", "ಯಾಕೆ ಜೋರು ಮಾಡ್ದೆ?" ಎಂದು ಕೇಳುತ್ತಲೇ ಇದ್ದಳು. ಕಡೆಗೆ ಇಬ್ಬರ ಕಣ್ಣೂ ಎಳೆಯತೊಡಗಿ, ಹಾಡುಹಗಲೇ ಲಾರಿಯನ್ನು ರಸ್ತೆ ಬದಿಯ ಪಾರ್ಕಿಂಗಿಗೆ ಸೇರಿಸಿ, ಒಬ್ಬಳು ಸೀಟಲ್ಲಿ ಒಬ್ಬಳು ಹಾಸಿಗೆಯಲ್ಲಿ, ಸತ್ತ ಹಾಗೆ ಮಲಗಿದರು. ಎದ್ದಾಗ ನೆರಳು ಅತ್ತಲಿಂದ ಇತ್ತ ಬಂದಿತ್ತು. ಲೋಡ್ ಹಂಚುವವಳ ಬೈಗುಳ ಫೋನಿನಿಂದ ಹೊರಗೆಲ್ಲ ಕೇಳಿಸಿತಂತೆ.

ನನ್ನ ಹೊಸ್ತಿಲಲ್ಲಿ ಬ್ರೇಕಮ್ಮ ನಿದ್ದೆ ಹೋದದ್ದು ಆ ಲೋಡ್ ಮುಗಿಸಿ ಬಂದಾಗಲೇ. ಇನ್ನೊಂದು ತಡವಾದರೆ ಮುಗಿಯಿತು. ನಾದಿನಿಗೆ ಊರೊಳಗಿನ ಗಾಡಿ, ಇವಳಿಗೆ ಮಂಚದ ಕೆಳಗಿನ ಗಡಿಯಾರ.

ಮಧ್ಯದ ಒಂದೆರಡು ಲೋಡ್ ಹತ್ತಿರದವು, ಹೇಗೋ ದಾಟಿಕೊಂಡರು. ಮತ್ತೆ ದೂರದ ಲೋಡ್ ಬಂತು. ಹೊರಡುವ ಮುಂಚೆ ನನ್ನ ಎದುರೇ ಇಬ್ಬರೂ ಒಪ್ಪಂದ ಮಾಡಿಕೊಂಡರು: ಪಾಳಿ ಮುಗಿದವಳು ಹಿಂದೆ ಹೋಗಬೇಕು, ಪರದೆ ಎಳೆಯಬೇಕು, ಮಾತಿಲ್ಲ. "ಕಿತ್ತಳೆ?" ಎಂದಳು ನಾದಿನಿ. "ಕಿತ್ತಳೆ ಮನೇಲೇ ಇರಲಿ" ಎಂದಳು ಅತ್ತಿಗೆ. ಬುಟ್ಟಿ ನನ್ನ ಮನೆಯಲ್ಲೇ ಉಳಿಯಿತು.

ಆಮೇಲೆ ಏನಾಯಿತೆಂಬುದನ್ನು ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಇಬ್ಬರೂ ಹೇಳಿದ್ದು ಹೊಂದುತ್ತದೆ, ಯಾರು ಮೊದಲು ಶುರು ಮಾಡಿದರೆನ್ನುವುದೊಂದು ಬಿಟ್ಟು.

ಬೆಳಗ್ಗೆ ಬ್ರೇಕಮ್ಮ ಸ್ಟೇರಿಂಗ್ ಹಿಡಿದಿದ್ದಳು. ನಾದಿನಿ ಹಿಂದೆ ಹೋದಳು, ಪರದೆ ಎಳೆದಳು, ಎರಡು ನಿಮಿಷಕ್ಕೆ ಪರದೆಯ ತೂತಿನಿಂದ ಒಂದು ಕಣ್ಣು ಕಾಣಿಸಿತು.

"ಅತ್ತಿಗೆ, ನೀರು ಬೇಕಾ?"

"ಬೇಡ. ಮಲಗು."

"ಬಿಸಿಲು ಕಣ್ಣಿಗೆ ಬೀಳ್ತಿದೆಯಾ? ಆ ಪಟ್ಟಿ ಇಳಿಸ್ಲಾ?"

"ಮಲಗೇ!"

"ಮಲಗಿದೀನಿ. ಸುಮ್ನೆ ಕೇಳ್ದೆ."

ಸ್ವಲ್ಪ ಹೊತ್ತಿಗೆ ಅವಳು ಪಕ್ಕದ ಸೀಟಿಗೇ ಬಂದು ಕೂತಳು. ಬ್ರೇಕಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. "ನಿನ್ನಿಂದಾನೇ ನನ್ನ ಕೆಲಸ ಹೋಗತ್ತೆ ಕಣೇ. ನಿನಗೇನು, ಊರೊಳಗಿನ ಗಾಡಿ ಕಾದಿದೆ. ಅದಕ್ಕೇ ಹೀಗೆ ಆಟ ಆಡ್ತಿದೀಯ."

ಇದು ಆಡಬಾರದ ಮಾತು. ಬ್ರೇಕಮ್ಮನೇ ಒಪ್ಪಿಕೊಳ್ಳುತ್ತಾಳೆ. ನಾದಿನಿಯ ಮುಖ ಕಪ್ಪಿಟ್ಟಿತು.

"ಆಟಾನಾ? ಮನೇಲಿ ನೀವು ಪಾತ್ರೆ ತೊಳೀತಿರುವಾಗ ನಾನು ಕಾಲು ಚಾಚಿ ಮಲಗಿದ್ರೆ ನೀವು ಸುಮ್ನಿರ್ತಿದ್ರಾ? ಬೇಕಂತಲೇ ಪಾತ್ರೆ ದಡದಡ ಅನ್ನಿಸ್ತಿದ್ರಿ. ನಾನು ಬಟ್ಟೆ ಒಗೀತಿದ್ರೆ ನೀವು ಎಂದಾದ್ರೂ ಕೂತಿದೀರಾ? ಜ್ವರ ಇದ್ರೂ ಬಂದು ಬಕೆಟ್ ಎತ್ತಿಲ್ವಾ? ಇಷ್ಟು ವರ್ಷ ಒಬ್ಬರು ನಿಂತಿದ್ರೆ ಇನ್ನೊಬ್ಬರು ಕೂರಲಿಲ್ಲ. ಈಗ ಇದ್ದಕ್ಕಿದ್ದ ಹಾಗೆ ನೀವು ದುಡೀತಾ ಇರಿ, ನಾನು ಗೊರಕೆ ಹೊಡೀತೀನಿ ಅಂತ ನನ್ನ ಕಣ್ಣಿಗೆ ಹೇಗೆ ಹೇಳ್ಲಿ? ಆಟ ಅಂತಾರೆ!"

ಇಷ್ಟು ಹೇಳಿ ಎದ್ದು ಹಿಂದಕ್ಕೆ ಹೋದಳು, ಪರದೆಯನ್ನು ಸರ್ರನೆ ಎಳೆದಳು. ಒಂದೆರಡು ಬಾರಿ ಮೂಗು ಒರೆಸಿಕೊಂಡ ಸದ್ದು. ಅದಾದ ಮೇಲೆ, ಬ್ರೇಕಮ್ಮ ಕಿವಿಗೊಟ್ಟು ಕೇಳುತ್ತಾಳೆ, ಗೊರಕೆ! ಸಿಟ್ಟಿನಲ್ಲಿ ಮಲಗಿದವಳಿಗೆ ಅತ್ತಿಗೆ ಪಾಪ ಅನ್ನಿಸಲಿಲ್ಲ, ಅದಕ್ಕೇ ನಿದ್ದೆ ಹತ್ತಿತು. "ಇಷ್ಟೇನಾ ಇದರ ಗುಟ್ಟು, ಮೊದಲ ದಿನವೇ ಜಗಳ ಆಡ್ತಿದ್ದೆನಲ್ಲ" ಎಂದುಕೊಂಡಳಂತೆ ಬ್ರೇಕಮ್ಮ. ನಾದಿನಿ ಹೇಳಿದ್ದು ಮಾತ್ರ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಪಾತ್ರೆ ದಡದಡ ಅನ್ನಿಸುತ್ತಿದ್ದದ್ದು ನಿಜವೇ.

ಮಧ್ಯಾಹ್ನ ಪಾಳಿ ಬದಲಾಯಿತು. ನಾದಿನಿ ನಿದ್ದೆ ತುಂಬಿದ ಮುಖದಲ್ಲಿ, ಇನ್ನೂ ಊದಿಸಿಕೊಂಡೇ, ಸೀಟಿಗೆ ಬಂದಳು. ಬ್ರೇಕಮ್ಮ ಹಾಸಿಗೆಗೆ ಹತ್ತಿದಳು. ದಿಂಬು ಬೆಚ್ಚಗಿತ್ತು, ಕೂದಲೆಣ್ಣೆಯ ವಾಸನೆ. ಬಲಗಾಲು ತಾನಾಗಿ ಹೋಗಿ ಹಲಗೆಗೆ ಒತ್ತಿಕೊಂಡಿತು. ಇವತ್ತು ಅವಳಿಗೆ ನಿದ್ದೆ ಬರಲೇಬೇಕು, ಇಲ್ಲದಿದ್ದರೆ ಸರಕು ಇಳಿಸಿ ಹೊರಡುವ ರಾತ್ರಿ ಪಾಳಿಗೆ ಓಡಿಸುವವರಿಲ್ಲ, ಮತ್ತೆ ಪಾರ್ಕಿಂಗು, ಮುಂದಿನ ಲೋಡ್ ತಡ. ಬರಲೇಬೇಕೆಂದು ಕಣ್ಣು ಬಿಗಿಹಿಡಿದಷ್ಟೂ ಬರಲಿಲ್ಲ. ಪರದೆಯ ತೂತಿನಿಂದ ರಸ್ತೆಯ ಒಂದು ಚೂರು ಕಾಣುತ್ತಿತ್ತು. ಮಾತಾಡುವ ಹಾಗಿಲ್ಲ, ಜಗಳ ಬಾಕಿ ಇದೆ. ತೂತಿಗೆ ಕಣ್ಣಿಟ್ಟು ಮಲಗಿದಳು.

ರಸ್ತೆ ರಿಪೇರಿ ನಡೆಯುತ್ತಿದ್ದ ಜಾಗ ಬಂತು. ಒಂದು ಸಾಲು ಮುಚ್ಚಿತ್ತು, ಎಲ್ಲ ವಾಹನಗಳೂ ಒಂದೇ ಸಾಲಿಗೆ ನುಗ್ಗುತ್ತಿದ್ದವು. ಎಡಗಡೆಯಿಂದ ಒಂದು ಬಿಳಿ ಕಾರು ಇನ್ನೇನು ಮೂಗು ತೂರಿಸುತ್ತದೆ ಎನ್ನಿಸಿ ಬ್ರೇಕಮ್ಮ ಬಲಗಾಲು ಒತ್ತಿದಳು. ಒತ್ತುವಾಗಲೇ ಗೊತ್ತಾಯಿತು, ಲಾರಿ ಆಗಲೇ ನಿಧಾನವಾಗಿದೆ. ಇವಳು ಕಾರನ್ನು ಕಾಣುವುದಕ್ಕೆ ಮುಂಚೆಯೇ ನಾದಿನಿ ಕಂಡಿದ್ದಳು. ಬ್ರೇಕು ಹಾಕಿದ್ದೂ ಅಲ್ಲ, ಕಾಲು ತೆಗೆದಿದ್ದಳು ಅಷ್ಟೇ. ಕಾರು ಒಳಗೆ ಬಂತು, ಜಾಗ ಇತ್ತು, ದಿಂಬೂ ಅಲುಗಲಿಲ್ಲ.

"ನನ್ನ ಕಾಲು ಹಿಂದೆ ಬಿತ್ತು ದೊಡ್ಡಮ್ಮ" ಎಂದು ಅವಳು ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಊರೆಲ್ಲ ಬ್ರೇಕಮ್ಮ ಅನ್ನತ್ತೆ, ನನಗಿಂತ ಮುಂಚೆ ಅವಳು! ಹಾಳಾದ್ದು, ಇನ್ನೊಂದು ಸಲ ನೋಡೋಣ ಅಂದ್ಕೊಂಡೆ. ಒಂದು ಬಸ್ಸು ಬಂತು. ಮತ್ತೆ ನಾನು ಹಿಂದೆ. ಸುಡುಗಾಡು, ಹಾಗಾದ್ರೆ ನಾನು ಯಾಕೆ ಎದ್ದಿದೀನಿ ಅಂತ ಅನ್ನಿಸ್ತು ನೋಡು..."

ಆಮೇಲಿನದು ಅವಳಿಗೆ ನೆನಪಿಲ್ಲ. ನಾದಿನಿ ಹೇಳಿದ್ದು ಇಷ್ಟು. ಹೊತ್ತು ಮುಳುಗುವ ಮುಂಚೆ ಗೋಡೌನಿನ ಅಂಗಳಕ್ಕೆ ಲಾರಿ ಬಂತು, ಹೇಳಿದ ಹೊತ್ತಿಗಿಂತ ಮುಂಚೆಯೇ. ಎರಡು ಲಾರಿಗಳ ನಡುವಿನ ಸಂದಿಗೆ ಟ್ರೇಲರನ್ನು ಹಿಂದಕ್ಕೆ ಬಿಟ್ಟಳು. ಗೋಡೌನಿನವರು ಟ್ರೇಲರಿನ ಬಾಗಿಲು ತೆಗೆದರು, ಸರಕು ಎತ್ತುವ ಗಾಡಿ ಧಡಾರ್ ಧಡಾರ್ ಎಂದು ಒಳಗೆ ಹೊರಗೆ ಓಡಾಡಿತು, ಲಾರಿ ಪೂರ್ತಿ ತೊಟ್ಟಿಲಿನಂತೆ ಅಲ್ಲಾಡಿತು. ಪರದೆಯ ಹಿಂದೆ ಗೊರಕೆ. ಸಾಮಾನು ಇಳಿಸಿಯಾಯಿತು. ಗೋಡೌನಿನವನು ಇಣುಕಿ "ಒಳಗೆ ಯಾರಮ್ಮ, ಹುಷಾರಿಲ್ವಾ?" ಎಂದು ಕೇಳಿದ. "ಡ್ಯೂಟಿಯಲ್ಲಿದ್ದಾರೆ" ಎಂದಳಂತೆ ನಾದಿನಿ.

ಎಚ್ಚರವಾದಾಗ ಬ್ರೇಕಮ್ಮ ಮೊದಲು ಮಾಡಿದ್ದು ಕಿರುಚುವುದು. "ಯಾಕೆ ನಿಂತಿದೀವಿ? ಮತ್ತೆ ತಡವಾಯ್ತಾ? ಎಬ್ಬಿಸ್ಬಾರ್ದಾ?"

"ಖಾಲಿ ಮಾಡಿ ಆಯ್ತು ಅತ್ತಿಗೆ."

"ನನ್ನನ್ನ ಕೇಳ್ದೇನಾ?"

"ಎಬ್ಬಿಸಿದ್ರೆ ಎಬ್ಬಿಸಿದೆ ಅಂತ ಬೈತೀರ. ಬಿಟ್ರೆ ಬಿಟ್ಟೆ ಅಂತ ಬೈತೀರ. ಇಳೀರಿ, ಮುಂದಿನ ಪಾಳಿ ನಿಮ್ದು. ನನಗೆ ನಿದ್ದೆ ಬರ್ತಿದೆ."

ವಾಪಸು ಬರುವಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ. ಒಬ್ಬಳು ಎದ್ದಿದ್ದಾಗ ಇನ್ನೊಬ್ಬಳು ಮಲಗಿದ್ದಳು, ಮಾತಾಡುವುದು ಯಾರ ಜೊತೆ? ತಿಂಗಳು ತುಂಬಿದ ದಿನ ಲೋಡ್ ಹಂಚುವವಳು ಫೋನು ಮಾಡಿದಳು. ಏನೋ ಒಳ್ಳೆಯ ಮಾತು ಹೇಳುತ್ತಾಳೆಂದು ಬ್ರೇಕಮ್ಮ ಎದ್ದು ನಿಂತು ಕೇಳಿಸಿಕೊಂಡಳು. ಅವಳು ಒಂದು ಸೀನು ಸೀನಿ, "ಸೋಮವಾರ ಬೆಳಗ್ಗೆ ಬನ್ನಿ. ಪರದೆ ಹೊಲಿಸಿದೀನಿ" ಎಂದಳು, ಇಟ್ಟಳು.

"ತೂತು ಮುಚ್ಚಿಬಿಟ್ಟಳಾ!" ಎಂದು ಬ್ರೇಕಮ್ಮ ನನ್ನ ಮುಖ ನೋಡಿದಳು. "ಇರಲಿ ಅಂತ ಹೇಳೋಷ್ಟೂ ಬಿಡಲಿಲ್ಲ."

ಆ ಭಾನುವಾರ ಲಾರಿಯ ಹೊದಿಕೆ, ದಿಂಬಿನ ಚೀಲಗಳನ್ನು ನನ್ನ ಹಿತ್ತಲಿಗೆ ತಂದು ಒಗೆದಳು. ಡೀಸೆಲ್ ವಾಸನೆ ಹೋಗಲಿಲ್ಲವೆಂದು ಎರಡನೆಯ ಸಲ ಸೋಪು ಹಚ್ಚಿ ಕುಕ್ಕಿದಳು. ನಾದಿನಿ ಮೆಟ್ಟಿಲ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ಮಡಿಲಲ್ಲಿ ಕಿತ್ತಳೆ ಸಿಪ್ಪೆ.

"ಎದ್ದು ಬಾರೇ, ಹೊದಿಕೆ ಹಿಂಡ್ಬೇಕು. ಒಬ್ಬಳ ಕೈಲಿ ಆಗಲ್ಲ."

"ನಾನು ಡ್ಯೂಟಿಯಲ್ಲಿದೀನಿ ಅತ್ತಿಗೆ" ಎಂದಳು ನಾದಿನಿ, ಕಣ್ಣು ಮುಚ್ಚಿಕೊಂಡೇ.

ಬ್ರೇಕಮ್ಮ ಬಕೆಟ್ಟನ್ನು ದಡ್ ಎಂದು ಎತ್ತಿ ಕುಕ್ಕಲು ಹೋದಳು. ಅರ್ಧಕ್ಕೆ ಕೈ ತಡೆದು ಮೆಲ್ಲಗೆ ನೆಲಕ್ಕಿಟ್ಟಳು. "ಹಿಡಿ ದೊಡ್ಡಮ್ಮ" ಎಂದು ಒದ್ದೆ ಹೊದಿಕೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬಲಕ್ಕೆ ತಿರುಚಿದೆ, ಅವಳು ಎಡಕ್ಕೆ. ನೀರು ಸುರಿದು ಕಾಲೆಲ್ಲ ನೆನೆಯಿತು. ಹೊದಿಕೆಯನ್ನು ಕೊಡವಿ ತಂತಿಗೆ ಹಾಕಿ, ಕ್ಲಿಪ್ಪು ಹುಡುಕಿದಳು.